ನಾವಿಲ್ಲದ ಮೇಲೆ ಅವನ ಹಣ ಯಾರ ಕೈಯಲ್ಲಿ? ವಿಕಲಚೇತನರಿಗಾಗಿ ಖಾಸಗಿ ಟ್ರಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮನಿಗೆ ಬೌದ್ಧಿಕ ವಿಕಲತೆ ಇದೆ. ಅಪ್ಪ ತೀರಿಕೊಂಡಾಗ ಅವನಿಗೆ 34 ವರ್ಷ. ಅಪ್ಪ ಅವನ ಹೆಸರಲ್ಲೇ ಎಫ್‌ಡಿ ಇಟ್ಟಿದ್ದರು, ಒಳ್ಳೆಯದಾಗಲಿ ಅಂತಲೇ. ಬ್ಯಾಂಕಿನಲ್ಲಿ ಫಾರಂ ಮುಂದಿಟ್ಟು "ಇಲ್ಲಿ ಸೈನ್ ಮಾಡಿಸಿ" ಅಂದರು. ತಮ್ಮ ಪೆನ್ನು ಹಿಡಿದು, ಬಹಳ ಜೋಪಾನವಾಗಿ ಒಂದು ಸೊನ್ನೆ ಬರೆದ. ಪಕ್ಕದಲ್ಲಿ ಇನ್ನೊಂದು. ಚೆನ್ನಾಗಿದೆಯಾ ಅಂತ ನನ್ನ ಮುಖ ನೋಡಿದ. ಆ ಹಣ ಅವನ ಖರ್ಚಿಗೆ ಸಿಗಲು 11 ತಿಂಗಳು ಹಿಡಿಯಿತು.

ಆಮೇಲೆ ನಾವು ಟ್ರಸ್ಟ್ ಮಾಡಿದೆವು. ನಾನು ವಕೀಲೆ ಅಲ್ಲ. ಆದರೆ ಈ ದಾರಿಯಲ್ಲಿ ಓಡಾಡಿದವಳು ಅಂತ ಗೊತ್ತಾದ ಮೇಲೆ ಎಷ್ಟೋ ತಂದೆತಾಯಿಯರು ಫೋನ್ ಮಾಡಿ ಕೇಳುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು.

ಟ್ರಸ್ಟ್ ಅಂದರೆ ಶಾಲೆ, ಆಸ್ಪತ್ರೆ ನಡೆಸುವವರಿಗೆ ಅಲ್ವಾ? ನಮ್ಮಂಥವರಿಗೂ ಆಗುತ್ತದಾ?

ಅದು ಸಾರ್ವಜನಿಕ ಟ್ರಸ್ಟ್. ನಾವು ಮಾತಾಡುತ್ತಿರುವುದು ಖಾಸಗಿ ಟ್ರಸ್ಟ್. ಇದಕ್ಕೆ 1882ರ ಭಾರತೀಯ ನ್ಯಾಸ ಕಾಯ್ದೆ ಇದೆ. ಬ್ರಿಟಿಷರ ಕಾಲದ್ದು, ಈಗಲೂ ಅದೇ ನಡೆಯುತ್ತಿದೆ.

ವಿಷಯ ಸರಳ. ನೀವು ಹಣ ಅಥವಾ ಆಸ್ತಿಯನ್ನು ನಂಬಿಕಸ್ಥರ ಕೈಗೆ ಕೊಡುತ್ತೀರಿ. ಅವರು ಟ್ರಸ್ಟಿಗಳು. ಕಾಗದದ ಮೇಲೆ ಆಸ್ತಿ ಅವರ ಹೆಸರಲ್ಲಿರುತ್ತದೆ, ಆದರೆ ಅವರು ಅದನ್ನು ಫಲಾನುಭವಿಗಾಗಿ ಮಾತ್ರ ಬಳಸಬೇಕು. ಫಲಾನುಭವಿ ಅಂದರೆ ನಿಮ್ಮ ಮಗ, ಮಗಳು, ತಮ್ಮ, ಯಾರೋ ಅವರು. ಹೇಗೆ ಬಳಸಬೇಕು ಅನ್ನುವುದನ್ನು ನೀವು ಟ್ರಸ್ಟ್ ಡೀಡಿನಲ್ಲಿ, ಅಂದರೆ ಟ್ರಸ್ಟಿನ ಪತ್ರದಲ್ಲಿ, ಬರೆದಿಡುತ್ತೀರಿ. ಕೋಟಿ ಇರಬೇಕು ಅಂತೇನಿಲ್ಲ. ಹತ್ತು ಸಾವಿರ ರೂಪಾಯಿ ಇಟ್ಟು ಶುರು ಮಾಡಿದವರನ್ನು ನಾನು ನೋಡಿದ್ದೇನೆ.

ಮಗನ ಹೆಸರಿಗೇ ನೇರವಾಗಿ ಬರೆದುಬಿಟ್ಟರೆ ಏನು ತೊಂದರೆ?

ಮೇಲೆ ಹೇಳಿದ ಎರಡು ಸೊನ್ನೆಗಳೇ ತೊಂದರೆ. ವಿಕಲಚೇತನರಿಗೆ ಆಸ್ತಿ ಹೊಂದುವ ಹಕ್ಕು ಪೂರ್ತಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಅದನ್ನೇ ಹೇಳುತ್ತದೆ. ಬರೀ ಕಾಲಿನ ತೊಂದರೆ ಇರುವವರಿಗೆ, ಕಣ್ಣು ಕಾಣದವರಿಗೆ, ಹಣದ ವ್ಯವಹಾರ ಗೊತ್ತಿರುವವರಿಗೆ ಟ್ರಸ್ಟ್ ಬೇಕೇ ಬೇಕು ಅಂತಿಲ್ಲ. ಅವರ ಹಣವನ್ನು ಅವರೇ ನೋಡಿಕೊಳ್ಳಲಿ. ಸುಮ್ನೆ ಅವರ ಕೈ ಕಟ್ಟಿಹಾಕಬೇಡಿ.

ತೊಂದರೆ ಬರುವುದು ಬೌದ್ಧಿಕ ವಿಕಲತೆ, ತೀವ್ರ ಆಟಿಸಂ, ತೀವ್ರ ಮಾನಸಿಕ ಕಾಯಿಲೆ ಇದ್ದಾಗ. ಹಣ ಅವರದೇ, ಆದರೆ ತೆಗೆಯಲು ಆಗುವುದಿಲ್ಲ. ಮನೆ ಅವರದೇ, ಆದರೆ ಬಾಡಿಗೆ ಕರಾರಿಗೆ ಸಹಿ ಹಾಕಲು ಆಗುವುದಿಲ್ಲ. ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿದೆ. ಯಾರೋ ಪ್ರೀತಿಯಿಂದ ಮಾತಾಡಿಸಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ?

ನಾಮಿನಿ ಹಾಕಿದ್ದೇನೆ. ಅಷ್ಟು ಸಾಲದಾ?

ಸಾಲದು. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವನು, ಒಡೆಯ ಅಲ್ಲ. ವಿಮೆ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನು ಹೇಳಿತ್ತು (2015ರ ತಿದ್ದುಪಡಿಯ ನಂತರ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದ ವಿಮೆಗೆ ನಿಯಮ ಬೇರೆ). ಷೇರುಗಳ ವಿಷಯದಲ್ಲಿ 2023ರಲ್ಲಿ ಮತ್ತೆ ಹೇಳಿತು. ನಾಮಿನಿ ಪಡೆದ ಹಣ ಸಾಮಾನ್ಯವಾಗಿ ಕೊನೆಗೆ ವಾರಸುದಾರರಿಗೆ ಅಥವಾ ವಿಲ್‌ನಲ್ಲಿ ಇರುವವರಿಗೆ ಸೇರಬೇಕು. ಇನ್ನು ವಿಕಲಚೇತನ ಮಗುವನ್ನೇ ನಾಮಿನಿ ಮಾಡಿದರೆ ಕೌಂಟರಿನಲ್ಲಿ ಅದೇ ಪೆನ್ನು, ಅದೇ ಫಾರಂ.

ದೊಡ್ಡ ಮಗಳು ನೋಡಿಕೊಳ್ಳುತ್ತಾಳೆ. ಎಲ್ಲಾ ಅವಳ ಹೆಸರಿಗೆ ಬರೆದರೆ ಆಯ್ತಲ್ಲ?

ಈ ಪ್ರಶ್ನೆಗೆ ಉತ್ತರ ಕೊಡುವಾಗ ನನಗೆ ಸ್ವಲ್ಪ ಮುಜುಗರ, ಯಾಕೆಂದರೆ ಆ ದೊಡ್ಡ ಮಗಳು ನಾನೇ.

ನಂಬಿಕೆಯ ಪ್ರಶ್ನೆ ಅಲ್ಲ ಇದು. ಆಸ್ತಿ ನನ್ನ ಹೆಸರಿಗೆ ಬಂದರೆ ಕಾನೂನಿನ ಪ್ರಕಾರ ಅದು ನನ್ನದು. ನಾನು ಸಾಲದಲ್ಲಿ ಬಿದ್ದರೆ ಸಾಲ ಕೊಟ್ಟವರು ಅದನ್ನು ಹಿಡಿಯಬಹುದು. ನಾನು ವಿಲ್ ಮಾಡದೆ ತಮ್ಮನಿಗಿಂತ ಮೊದಲೇ ಸತ್ತರೆ ಅದು ನನ್ನ ಗಂಡ, ಮಕ್ಕಳಿಗೆ ಹೋಗುತ್ತದೆ. ಅವರು ಒಳ್ಳೆಯವರೇ. ಆದರೆ ಅಪ್ಪ ನನಗೆ ಬಾಯಲ್ಲಿ ಹೇಳಿದ ಮಾತು ಅವರ ಮೇಲೆ ಯಾವ ಕಟ್ಟುಪಾಡನ್ನೂ ಹಾಕುವುದಿಲ್ಲ. ಟ್ರಸ್ಟಿನ ಆಸ್ತಿ ಹಾಗಲ್ಲ. ನಾನು ಟ್ರಸ್ಟಿಯಾಗಿದ್ದರೂ ನನ್ನ ಸ್ವಂತ ಸಾಲಕ್ಕೆ ಅದು ಸಿಗುವುದಿಲ್ಲ.

ಇನ್ನೊಂದು ಮಾತು. ಬರಹದಲ್ಲಿ ಇದ್ದರೆ ನೋಡಿಕೊಳ್ಳುವವರಿಗೂ ನೆಮ್ಮದಿ. "ತಮ್ಮನ ದುಡ್ಡಲ್ಲಿ ಮಜಾ ಮಾಡ್ತಿದ್ದಾಳೆ" ಅಂತ ನೆಂಟರು ಅಂದಾಗ ಲೆಕ್ಕದ ಪುಸ್ತಕ ತೆಗೆದು ತೋರಿಸಬಹುದು.

ಬದುಕಿರುವಾಗಲೇ ಮಾಡಬೇಕಾ, ವಿಲ್‌ನಲ್ಲಿ ಬರೆದರೆ ಸಾಕಾ?

ಎರಡೂ ಆಗುತ್ತದೆ. ವಿಲ್‌ನಲ್ಲಿ ಬರೆದ ಟ್ರಸ್ಟ್ ನೀವು ಹೋದ ಮೇಲೆ ಜೀವ ಪಡೆಯುತ್ತದೆ. ಅಲ್ಲಿಯವರೆಗೆ ಯಾವಾಗ ಬೇಕಾದರೂ ಬದಲಿಸಬಹುದು. ಖರ್ಚು ಕಡಿಮೆ. ಆದರೆ ವಿಲ್ ಅನ್ನು ಯಾರಾದರೂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದರೆ ಅದು ಮುಗಿಯುವವರೆಗೆ ಮಗುವಿನ ಖರ್ಚಿಗೆ ಏನು ಗತಿ? ನೀವು ಬದುಕಿದ್ದು ಹಾಸಿಗೆ ಹಿಡಿದರೆ? ಆಗ ವಿಲ್ ಕೆಲಸಕ್ಕೆ ಬರುವುದಿಲ್ಲ.

ಈಗಲೇ ಮಾಡಿದರೆ ಅದು ಹೇಗೆ ನಡೆಯುತ್ತದೆ ಅಂತ ನಿಮ್ಮ ಕಣ್ಣಿಂದಲೇ ನೋಡಬಹುದು. ಅಪ್ಪ ಅಮ್ಮನೇ ಮೊದಲ ಟ್ರಸ್ಟಿಗಳಾಗಿರಬಹುದು. ನಾನು ಹೇಳುವುದು ಇಷ್ಟು: ಚಿಕ್ಕ ಮೊತ್ತದ ಟ್ರಸ್ಟ್ ಈಗಲೇ ಶುರು ಮಾಡಿ. ಜೊತೆಗೊಂದು ವಿಲ್ ಮಾಡಿ, ದೊಡ್ಡ ಆಸ್ತಿ ನಿಮ್ಮ ನಂತರ ಅದೇ ಟ್ರಸ್ಟಿಗೆ ಸೇರುವಂತೆ ಬರೆಯಿರಿ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಮುಸ್ಲಿಂ ಕುಟುಂಬಗಳಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ವಿಲ್ ಬರೆಯಲು ಆಗುವುದಿಲ್ಲ. ಅವರು ಬದುಕಿರುವಾಗಲೇ ಟ್ರಸ್ಟ್ ಮಾಡುವುದರ ಬಗ್ಗೆ ವಕೀಲರನ್ನು ಕೇಳುವುದು ಒಳ್ಳೆಯದು.

ಮಾಡಿದ ಟ್ರಸ್ಟನ್ನು ಆಮೇಲೆ ರದ್ದು ಮಾಡಬಹುದಾ?

ವಿಲ್‌ನಲ್ಲಿರುವುದನ್ನು ನೀವಿರುವ ತನಕ ರದ್ದು ಮಾಡಬಹುದು. ಈಗಲೇ ಜಾರಿಯಾದ ಟ್ರಸ್ಟಿನಲ್ಲಿ ಆ ಅಧಿಕಾರವನ್ನು ಡೀಡಿನಲ್ಲೇ ಉಳಿಸಿಕೊಂಡಿರಬೇಕು. ಆದರೆ ಹಾಗೆ ಉಳಿಸಿಕೊಂಡರೆ ಟ್ರಸ್ಟಿನ ಆದಾಯ ನಿಮ್ಮ ಆದಾಯ ಅಂತಲೇ ಲೆಕ್ಕವಾಗಿ ತೆರಿಗೆ ನಿಮ್ಮ ತಲೆಗೆ ಬರುತ್ತದೆ.

ಟ್ರಸ್ಟಿ ಯಾರನ್ನು ಮಾಡಲಿ?

ಇಡೀ ವಿಷಯ ನಿಂತಿರುವುದು ಇಲ್ಲಿ. ಡೀಡ್ ಎಷ್ಟೇ ಚೆನ್ನಾಗಿರಲಿ, ಟ್ರಸ್ಟಿ ಸರಿಯಿಲ್ಲದಿದ್ದರೆ ಅದು ಬರೀ ಕಾಗದ.

ನನ್ನ ಮೊದಲ ನಿಯಮ: ಹಣ ಹಿಡಿಯುವ ಕೈ ಬೇರೆ, ಆರೈಕೆ ಮಾಡುವ ಕೈ ಬೇರೆ ಇರಲಿ. ಜೊತೆಯಲ್ಲಿ ಇದ್ದು ಸ್ನಾನ ಮಾಡಿಸುವವರು ಒಬ್ಬರು, ಚೆಕ್ ಬರೆಯುವವರು ಇನ್ನೊಬ್ಬರು. ಆಗ ಇವರು ಅವರನ್ನು ಕೇಳುತ್ತಾರೆ, ಅವರು ಇವರನ್ನು ಕೇಳುತ್ತಾರೆ.

ಎರಡನೆಯದು: ಒಬ್ಬರೇ ಬೇಡ. ಕಾನೂನು ಕನಿಷ್ಠ ಇಷ್ಟು ಮಂದಿ ಅಂತ ಹೇಳುವುದಿಲ್ಲ, ಆದರೆ ಮೂವರು ಇದ್ದರೆ ಚೆನ್ನ. ಒಬ್ಬರು ಮಗುವನ್ನು ಬಲ್ಲವರು. ಒಬ್ಬರು ಲೆಕ್ಕ ಬಲ್ಲವರು. ಇನ್ನೊಬ್ಬರು ನಿಮಗಿಂತ ಒಂದು ತಲೆಮಾರು ಚಿಕ್ಕವರು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. 65 ವರ್ಷದ ತಂದೆ ತನ್ನ 67 ವರ್ಷದ ಗೆಳೆಯನನ್ನು ಟ್ರಸ್ಟಿ ಮಾಡಿದರೆ 30 ವರ್ಷದ ಮಗನಿಗೆ ಅದು ಎಷ್ಟು ದಿನಕ್ಕೆ?

ಮೂರನೆಯದು ಸ್ವಲ್ಪ ಕಹಿ. ಫಲಾನುಭವಿ ತೀರಿಕೊಂಡ ಮೇಲೆ ಉಳಿದ ಹಣ ಯಾರಿಗೆ ಹೋಗುತ್ತದೋ, ಖರ್ಚಿನ ತೀರ್ಮಾನ ಅವರೊಬ್ಬರ ಕೈಯಲ್ಲೇ ಇರಬಾರದು. ಅವನಿಗೆ ಕಡಿಮೆ ಖರ್ಚು ಮಾಡಿದಷ್ಟೂ ಇವರಿಗೆ ಜಾಸ್ತಿ ಉಳಿಯುತ್ತದೆ. ಕೆಟ್ಟವರಾಗಬೇಕಿಲ್ಲ, "ಫಿಸಿಯೋಥೆರಪಿ ಈ ತಿಂಗಳು ಬೇಕಾ?" ಅನ್ನುವ ಯೋಚನೆ ತಾನಾಗಿಯೇ ಬರುತ್ತದೆ.

ಯಾರೂ ಸಿಗದಿದ್ದರೆ ಟ್ರಸ್ಟಿ ಕೆಲಸವನ್ನೇ ವೃತ್ತಿಯಾಗಿ ಮಾಡುವ ಕಂಪನಿಗಳಿವೆ. ಅವು ವರ್ಷವರ್ಷ ಶುಲ್ಕ ತೆಗೆದುಕೊಳ್ಳುತ್ತವೆ. ಸಣ್ಣ ಮೊತ್ತಕ್ಕೆ ಅದು ಹೊರೆ. ಆದರೆ ಕಂಪನಿಗೆ ವಯಸ್ಸಾಗುವುದಿಲ್ಲ, ಅದೊಂದು ಅನುಕೂಲ.

ಹೆಸರು ಬರೆಯುವ ಮೊದಲು ಅವರನ್ನು ಕೂರಿಸಿ ಕೇಳಿ. ಒಮ್ಮೆ ಒಪ್ಪಿಕೊಂಡ ಮೇಲೆ ಟ್ರಸ್ಟಿ ಸುಮ್ನೆ ಕೈಬಿಟ್ಟು ಹೋಗುವಂತಿಲ್ಲ. ಡೀಡಿನಲ್ಲಿ ಅವಕಾಶ ಇರಬೇಕು ಅಥವಾ ಕೋರ್ಟಿನ ಅನುಮತಿ ಬೇಕು. ಡೀಡಿನಲ್ಲಿ ಬರೆಯದಿದ್ದರೆ ಸಂಬಳವೂ ಇಲ್ಲ. ನಾನಂತೂ ಒಂದು ಸಣ್ಣ ಗೌರವಧನ ಬರೆಯಿರಿ ಅನ್ನುತ್ತೇನೆ. ಪುಕ್ಕಟೆ ಕೆಲಸ ಐದು ವರ್ಷ ಉತ್ಸಾಹದಲ್ಲಿ ನಡೆಯುತ್ತದೆ. ಇದು ನಲವತ್ತು ವರ್ಷದ ಕೆಲಸ.

ಟ್ರಸ್ಟಿ ಮೋಸ ಮಾಡಿದರೆ?

ನಷ್ಟವನ್ನು ತನ್ನ ಕೈಯಿಂದ ತುಂಬಿಕೊಡುವ ಹೊಣೆ ಕಾನೂನಿನಲ್ಲಿ ಟ್ರಸ್ಟಿಯ ಮೇಲಿದೆ. ಕೋರ್ಟ್ ಹೊಸ ಟ್ರಸ್ಟಿಯನ್ನು ನೇಮಿಸಲೂಬಹುದು. ಕ್ರಿಮಿನಲ್ ಕೇಸೂ ಆಗಬಹುದು. ಎಲ್ಲಾ ಸರಿ. ಆದರೆ ಕೇಸ್ ಹಾಕುವವರು ಯಾರು? ನನ್ನ ತಮ್ಮನಾ?

ಅದಕ್ಕೇ ಡೀಡಿನಲ್ಲಿ ಒಬ್ಬ ಮೇಲ್ವಿಚಾರಕರನ್ನು ಹೆಸರಿಸಿ. ವಕೀಲರು ಪ್ರೊಟೆಕ್ಟರ್ ಅನ್ನುತ್ತಾರೆ. ಅವರಿಗೆ ಹಣ ಮುಟ್ಟುವ ಅಧಿಕಾರ ಇರಬಾರದು. ಲೆಕ್ಕ ಕೇಳುವ, ಟ್ರಸ್ಟಿಯನ್ನು ತೆಗೆಯುವ ಅಧಿಕಾರ ಇರಬೇಕು. ವರ್ಷಕ್ಕೊಮ್ಮೆ ಹೊರಗಿನ ಚಾರ್ಟರ್ಡ್ ಅಕೌಂಟೆಂಟ್ ಲೆಕ್ಕ ನೋಡಲಿ. ಮನೆ, ಜಮೀನು ಮಾರಬೇಕಾದರೆ ಎಲ್ಲ ಟ್ರಸ್ಟಿಗಳ ಸಹಿಯ ಜೊತೆ ಮೇಲ್ವಿಚಾರಕರ ಲಿಖಿತ ಒಪ್ಪಿಗೆ ಬೇಕು ಅಂತ ಬರೆಯಿರಿ.

ಡೀಡಿನಲ್ಲಿ ಇನ್ನೇನು ಇರಲೇಬೇಕು?

ಉದ್ದೇಶ, ಫಲಾನುಭವಿ, ಆಸ್ತಿ, ಈ ಮೂರು ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಅದು ಟ್ರಸ್ಟೇ ಅಲ್ಲ. ಹಣವನ್ನು ಎಲ್ಲಿ ಹೂಡಬಹುದು ಅಂತ ಬರೆಯಿರಿ. ಬರೆಯದಿದ್ದರೆ ಸರ್ಕಾರ ಸೂಚಿಸಿದ ಹೂಡಿಕೆಗಳಿಗಷ್ಟೇ ಟ್ರಸ್ಟಿಗಳು ಸೀಮಿತರಾಗುತ್ತಾರೆ. ಟ್ರಸ್ಟಿ ಸತ್ತರೆ, ಬಿಟ್ಟರೆ, ಮುಂದೆ ಯಾರು? ಫಲಾನುಭವಿಯ ನಂತರ ಉಳಿದದ್ದು ಯಾರಿಗೆ?

ಖರ್ಚಿನ ಪಟ್ಟಿ ಬರೆಯುವಾಗ ಬಹಳ ಬಿಗಿ ಮಾಡಬೇಡಿ. "ತಿಂಗಳಿಗೆ 15,000 ರೂಪಾಯಿ" ಅಂತ ಬರೆದರೆ ಇಪ್ಪತ್ತು ವರ್ಷದ ನಂತರ ಅದರಲ್ಲಿ ಏನು ಬರುತ್ತದೆ? ಊಟ, ಬಟ್ಟೆ, ಔಷಧಿಯ ಜೊತೆ "ಪ್ರವಾಸ, ಹವ್ಯಾಸ, ಖುಷಿ" ಅನ್ನುವ ಮಾತನ್ನೂ ಸೇರಿಸಿ. ನಮ್ಮ ವಕೀಲರು ಇದನ್ನು ಓದಿ ನಕ್ಕರು. ಆದರೆ ಕಟ್ಟುನಿಟ್ಟಿನ ಟ್ರಸ್ಟಿಯೊಬ್ಬರು ಮುಂದೆ ಬಂದರೆ, ನನ್ನ ತಮ್ಮ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿಬರುವ ಖರ್ಚಿಗೆ ಆ ಒಂದು ಪದವೇ ಆಧಾರ.

ಟ್ರಸ್ಟ್ ಇದ್ದರೆ ಗಾರ್ಡಿಯನ್ ಬೇಡ ಅಲ್ವಾ?

ಬೇಕಾಗಬಹುದು. ಟ್ರಸ್ಟ್ ನೋಡಿಕೊಳ್ಳುವುದು ಅದಕ್ಕೆ ಬರೆದ ಆಸ್ತಿಯನ್ನು. ಆಸ್ಪತ್ರೆ, ವಾಸದ ಜಾಗ, ಅವನ ಹೆಸರಿನಲ್ಲೇ ಇರುವ ಹಣ, ಇವೆಲ್ಲ ಅದರ ಹೊರಗೆ.

ಮಗುವಿಗೆ 18 ತುಂಬಿದ ದಿನ ತಂದೆತಾಯಿಯೂ ಕಾನೂನಿನ ಕಣ್ಣಲ್ಲಿ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಅದರಲ್ಲಿರುತ್ತಾರೆ. ಅಲ್ಲಿ ಅರ್ಜಿ ಹಾಕಿ ಗಾರ್ಡಿಯನ್ ಆಗಬಹುದು. ನೇಮಕವಾದ 6 ತಿಂಗಳೊಳಗೆ ಅವರ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷ ಲೆಕ್ಕ ಕೊಡಬೇಕು.

ಹೆಸರು ನೋಡಿ ಗೊಂದಲ ಬೇಡ. ನ್ಯಾಷನಲ್ ಟ್ರಸ್ಟ್ ಸರ್ಕಾರಿ ಸಂಸ್ಥೆ, ನೀವು ಮಾಡುವ ಟ್ರಸ್ಟಿಗೂ ಅದಕ್ಕೂ ಸಂಬಂಧವಿಲ್ಲ. ಸ್ಕಿಜೋಫ್ರೇನಿಯಾದಂಥ ಕಾಯಿಲೆ ಆ ನಾಲ್ಕರಲ್ಲಿ ಬರುವುದಿಲ್ಲ. ಅವರಿಗೆ 2016ರ ಕಾಯ್ದೆಯಲ್ಲಿ ಸೀಮಿತ ಗಾರ್ಡಿಯನ್ ಅನ್ನುವ ವ್ಯವಸ್ಥೆ ಇದೆ. ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಕಾಲಕ್ಕೆ, ಅವರ ಇಷ್ಟವನ್ನು ಕೇಳಿಯೇ ನಡೆಯಬೇಕು.

ಎಲ್ಲಿ ರಿಜಿಸ್ಟರ್ ಮಾಡಿಸಬೇಕು?

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಮನೆ, ಜಮೀನು ಸೇರಿಸುವುದಾದರೆ ನೋಂದಣಿ ಕಡ್ಡಾಯ. ಬರೀ ಹಣವಾದರೆ ಕಡ್ಡಾಯ ಅಲ್ಲ, ಆದರೆ ಬ್ಯಾಂಕ್‌ನವರು ನೋಂದಾಯಿತ ಡೀಡ್ ಕೇಳುವುದೇ ಹೆಚ್ಚು. ಮುದ್ರಾಂಕ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಂತರ ಟ್ರಸ್ಟಿನ ಹೆಸರಲ್ಲಿ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ.

ಎಷ್ಟು ಹಣ ಇಡಬೇಕು?

ಮೂರು ತಿಂಗಳು ಅವರ ಖರ್ಚನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ನೀವು ಪುಕ್ಕಟೆ ಮಾಡುತ್ತಿರುವ ಕೆಲಸಕ್ಕೂ ಬೆಲೆ ಕಟ್ಟಿ. ನೀವಿಲ್ಲದಾಗ ಅದನ್ನು ಯಾರೋ ಸಂಬಳಕ್ಕೆ ಮಾಡಬೇಕು ಅಲ್ವಾ? ನಮ್ಮ ಲೆಕ್ಕದಲ್ಲಿ ದೊಡ್ಡ ಖರ್ಚು ಔಷಧಿ ಆಗಿರಲಿಲ್ಲ, ಅಮ್ಮ ಆಗಿದ್ದರು.

ಬೆಲೆ ಏರಿಕೆ ಮರೆಯಬೇಡಿ. ಇವತ್ತು ತಿಂಗಳಿಗೆ 30,000 ರೂಪಾಯಿ ಬೇಕಾದರೆ, ವರ್ಷಕ್ಕೆ ಶೇ. 6ರಂತೆ ಏರಿದರೂ 20 ವರ್ಷಕ್ಕೆ ಅದು ಸುಮಾರು 96,000 ಆಗುತ್ತದೆ. ಪೂರ್ತಿ ಎಫ್‌ಡಿಯಲ್ಲೇ ಇಟ್ಟರೆ ಇದನ್ನು ಹಿಡಿಯುವುದು ಕಷ್ಟ.

ಕೈಯಲ್ಲಿ ಅಷ್ಟು ಇಲ್ಲದಿದ್ದರೆ ಟರ್ಮ್ ವಿಮೆ ಇದೆ, ಅಂದರೆ ಅವಧಿಯೊಳಗೆ ತೀರಿಕೊಂಡರೆ ಹಣ ಬರುವ ವಿಮೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ವಿವಾಹಿತ ಪುರುಷನೊಬ್ಬ ಹೆಂಡತಿ, ಮಕ್ಕಳಿಗಾಗಿ ಪಾಲಿಸಿ ತೆಗೆದುಕೊಂಡರೆ ಆ ಹಣವೇ ಒಂದು ಟ್ರಸ್ಟ್ ಆಗುತ್ತದೆ. ಸಾಲ ಕೊಟ್ಟವರು ಅದನ್ನು ಮುಟ್ಟಲು ಆಗುವುದಿಲ್ಲ. ಆದರೆ ಪಾಲಿಸಿ ತೆಗೆದುಕೊಳ್ಳುವಾಗಲೇ ಆ ಫಾರಂ ತುಂಬಬೇಕು. ಏಜೆಂಟರು ತಾವಾಗಿ ಹೇಳುವುದು ಕಡಿಮೆ. ನೀವೇ ಕೇಳಿ.

ಪಿತ್ರಾರ್ಜಿತ ಆಸ್ತಿಯನ್ನು ಟ್ರಸ್ಟಿಗೆ ಬರೆಯಬಹುದಾ?

ನಿಮ್ಮ ಪಾಲಿನಷ್ಟು ಮಾತ್ರ, ಅದೂ ವಿಲ್ ಮೂಲಕ ಬರೆಯುವುದು ಸುಲಭ. ಬದುಕಿರುವಾಗಲೇ ಕೊಡಬೇಕಾದರೆ ಮೊದಲು ವಿಭಾಗ ಪತ್ರ ಮಾಡಿಸಿಕೊಳ್ಳಿ. ಅಂದಹಾಗೆ, "ಅವನಿಗೆ ಬುದ್ಧಿ ಇಲ್ಲ, ಪಾಲು ಯಾಕೆ" ಅನ್ನುವ ನೆಂಟರಿಗೆ ಒಂದು ಮಾತು: ಕಾಯಿಲೆ ಅಥವಾ ನ್ಯೂನತೆ ಇದೆ ಅಂತ ಯಾರನ್ನೂ ವಾರಸಿನಿಂದ ತೆಗೆಯುವಂತಿಲ್ಲ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ.

ತೆರಿಗೆ ಹೇಗೆ?

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಸಂಖ್ಯೆ ನಿಮ್ಮ ಚಾರ್ಟರ್ಡ್ ಅಕೌಂಟೆಂಟ್ ನೋಡಿಕೊಳ್ಳಲಿ. ನೀವು ಒಂದು ವಿಷಯ ತಿಳಿದಿರಿ. ಯಾರಿಗೆ ಎಷ್ಟು ಪಾಲು ಅಂತ ಡೀಡಿನಲ್ಲಿ ಸ್ಪಷ್ಟವಾಗಿದ್ದರೆ ಫಲಾನುಭವಿಗೆ ಎಷ್ಟು ತೆರಿಗೆಯೋ ಅಷ್ಟೇ. ಪಾಲನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟರೆ ಸಾಮಾನ್ಯವಾಗಿ ಅತಿ ಮೇಲಿನ ದರ ಬೀಳುತ್ತದೆ. ವಿಲ್ ಮೂಲಕ ಮಾಡಿದ ಒಂದೇ ಒಂದು ಟ್ರಸ್ಟಿನಂಥ ಕೆಲವಕ್ಕೆ ವಿನಾಯಿತಿ ಇದೆ. ಮಾದರಿ ಡೀಡ್ ಅಂತ ಎಲ್ಲಿಂದಲೋ ಇಳಿಸಿಕೊಂಡು "ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಫಲಾನುಭವಿಗಳು" ಅಂತ ಸೇರಿಸಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಸಂಬಂಧಿಗಾಗಿಯೇ ಮಾಡಿದ ಟ್ರಸ್ಟಿಗೆ ನೀವು ಕೊಡುವ ಹಣಕ್ಕೆ ಉಡುಗೊರೆ ಅಂತ ತೆರಿಗೆ ಇಲ್ಲ. ವಿಕಲಚೇತನರನ್ನು ನೋಡಿಕೊಳ್ಳುವವರಿಗೆ ತೆರಿಗೆ ಲೆಕ್ಕದಲ್ಲಿ ಸಿಗುವ, ಜನ 80ಡಿಡಿ ಅಂತ ಕರೆಯುತ್ತಿದ್ದ ಆದಾಯದ ಕಡಿತ, ಅಂದರೆ 75,000 ರೂಪಾಯಿ, ವಿಕಲತೆ ಶೇ. 80 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂಪಾಯಿ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ಟ್ರಸ್ಟ್ ಮಾಡಿದರೆ ಕುಟುಂಬ ಪಿಂಚಣಿ ತಪ್ಪುತ್ತದಾ?

ಟ್ರಸ್ಟ್ ಇದೆ ಅನ್ನುವ ಕಾರಣಕ್ಕೇ ತಪ್ಪುವುದಿಲ್ಲ. ಆದರೆ ಆದಾಯದ ಮಿತಿ ಇರುವ ಕಡೆ ಎಚ್ಚರ ಬೇಕು. ಕೇಂದ್ರ ಸರ್ಕಾರಿ ನೌಕರರ ವಿಕಲಚೇತನ ಮಕ್ಕಳು ಸ್ವಂತವಾಗಿ ದುಡಿದು ಬದುಕಲು ಆಗದಿದ್ದರೆ ಜೀವನಪೂರ್ತಿ ಕುಟುಂಬ ಪಿಂಚಣಿ ಇದೆ, ಅದಕ್ಕೆ ಆದಾಯದ ಮಿತಿಯೂ ಇದೆ. ಪಿಎಫ್ ಜೊತೆ ಬರುವ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಶಾಶ್ವತವಾಗಿ ಪೂರ್ಣ ವಿಕಲಚೇತನರಾದ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ. ಟ್ರಸ್ಟಿನಿಂದ ಹಣ ಅವರ ಖಾತೆಗೆ ಬೀಳಬೇಕಾ, ನೇರವಾಗಿ ಶಾಲೆಗೆ, ಔಷಧಿ ಅಂಗಡಿಗೆ ಹೋಗಬೇಕಾ ಅನ್ನುವುದನ್ನು ಇದನ್ನೆಲ್ಲ ನೋಡಿ ತೀರ್ಮಾನಿಸಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ) ಈಗಲೇ ಮಾಡಿಸಿ. ನೀವು ಬದುಕಿರುವಾಗಲೇ ಪಿಂಚಣಿ ದಾಖಲೆಗೆ ಮಗುವಿನ ಹೆಸರು ಸೇರಿಸಿ.

ಮನೆಯನ್ನೇ ಒಂದು ವಸತಿ ಸಂಸ್ಥೆಗೆ ಬರೆದುಕೊಟ್ಟು ಮಗನನ್ನು ಅಲ್ಲಿ ಬಿಟ್ಟರೆ?

ದಯವಿಟ್ಟು ಬೇಡ. ನಮ್ಮ ಪರಿಚಯದ ಕುಟುಂಬವೊಂದು ಜೀವನಪೂರ್ತಿಗೆ ಅಂತ ದೊಡ್ಡ ಠೇವಣಿ ಕಟ್ಟಿತು. ಎರಡೇ ವರ್ಷಕ್ಕೆ ಅವರ ಮಗ ಅಲ್ಲಿ ಬಡಕಲಾದ. ಹೊರಗೆ ಕರೆದುಕೊಂಡು ಬರಲು ಹೋದರೆ ಠೇವಣಿ ವಾಪಸ್ ಇಲ್ಲ ಅಂದರು. ಹಣ ಟ್ರಸ್ಟಿನಲ್ಲಿ ಇರಲಿ. ಸಂಸ್ಥೆಗೆ ತಿಂಗಳು ತಿಂಗಳು ಹೋಗಲಿ. ಅಲ್ಲಿ ಸರಿಯಿಲ್ಲದಿದ್ದರೆ ಟ್ರಸ್ಟಿಗಳು ಬೇರೆ ಕಡೆ ಸೇರಿಸಬಹುದು.

ಇದನ್ನೆಲ್ಲ ಅವನಿಗೆ ಹೇಳಬೇಕಾ?

ಹೇಳಬೇಕು. ಅರ್ಥವಾದಷ್ಟು ಆಗಲಿ. ನಾವು ತಮ್ಮನಿಗೆ ಟ್ರಸ್ಟಿಗಳ ಫೋಟೋ ತೋರಿಸಿ "ನಿಂಗೆ ಏನಾದ್ರೂ ಬೇಕಾದ್ರೆ ಇವರನ್ನ ಕೇಳು" ಅಂದೆವು. ಒಬ್ಬರ ಫೋಟೋ ನೋಡಿ ತಲೆ ಅಲ್ಲಾಡಿಸಿದ. ಎರಡು ಸಲ ಕೇಳಿದರೂ ಅದೇ. ಕಾರಣ ಗೊತ್ತಾಗಲಿಲ್ಲ. ಅವರ ಹೆಸರು ತೆಗೆದೆವು.

ಡೀಡ್ ಬಿಟ್ಟು ಬೇರೆ ಏನಾದರೂ ಬರೆದಿಡಬೇಕಾ?

ಒಂದು ಆಶಯ ಪತ್ರ. ಕಾನೂನಿನಲ್ಲಿ ಅದಕ್ಕೆ ಬಲ ಇಲ್ಲ. ಆದರೆ ಹೊಸದಾಗಿ ಬಂದ ಆರೈಕೆಯವರು ಮೊದಲ ರಾತ್ರಿ ಓದುವುದು ಡೀಡನ್ನಲ್ಲ, ಇದನ್ನು. ಅಮ್ಮ ಒಂದು ನೋಟ್ ಪುಸ್ತಕದಲ್ಲಿ ಬರೆದಿದ್ದಾರೆ. ಮಾತ್ರೆ, ಡಾಕ್ಟರು, ಯಾವ ಔಷಧಿ ಆಗಿಬರುವುದಿಲ್ಲ, ಇವೆಲ್ಲ ಮೊದಲ ಎರಡು ಪುಟ. ಆಮೇಲೆ ಹೀಗೆ ಹೋಗುತ್ತದೆ: "ಮಿಕ್ಸಿ ಹಾಕುವ ಮೊದಲು ಹೇಳಬೇಕು, ಇಲ್ಲದಿದ್ದರೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಹಲ್ಲು ನೋವು ಬಂದರೆ ಹೇಳಲು ಬರುವುದಿಲ್ಲ, ಎಡಗೈ ಕಚ್ಚಿಕೊಳ್ಳುತ್ತಾನೆ. ಹಸಿರು ಟವೆಲ್ ಇಲ್ಲದೆ ಸ್ನಾನಕ್ಕೆ ಬರುವುದಿಲ್ಲ."

ವರ್ಷಕ್ಕೊಮ್ಮೆ, ಅವನ ಹುಟ್ಟುಹಬ್ಬದ ವಾರ, ಕೂತು ತಿದ್ದುತ್ತೇವೆ. ಈ ಸಲ ಅಮ್ಮನ ಕೈ ನಡುಗುತ್ತಿತ್ತು, ನಾನು ಬರೆದೆ. ಹಸಿರು ಟವೆಲ್ ಹೊಡೆದು ನೀಲಿ ಅಂತ ಮಾಡಿದೆವು.